ಪಾಲಕ್ ಮಡಿ ಹಳದಿಯಾದದ್ದು

ಗೋಡೆಯ ಆಚೆಯಿಂದ ಅತ್ತೆಯ ನಗು ತೂರಿಬಂದಾಗ ಮಲ್ಲಿಕಾ ಹಂಚಿನ ಮೇಲಿನ ಜೋಳದ ರೊಟ್ಟಿಗೆ ನೀರು ಸವರುತ್ತಿದ್ದಳು. ಒದ್ದೆ ಬಟ್ಟೆ ಹಿಡಿದ ಕೈ ಅಲ್ಲೇ ನಿಂತಿತು. ಕಣ್ಣಿನ ಆಪರೇಷನ್‌ಗೆಂದು ಕಮಲಾಪುರದಿಂದ ಬಂದು ಇಷ್ಟು ದಿನವಾದರೂ ಶಿವಕಾಂತಮ್ಮ ಈ ಮನೆಯೊಳಗೆ ಒಮ್ಮೆಯೂ ಹಾಗೆ ನಕ್ಕಿರಲಿಲ್ಲ. ಬಾಯಿ ತುಂಬ, ಎದೆಯಿಂದ ಎದ್ದು ಬಂದ ನಗು. ರೊಟ್ಟಿ ಸೀದ ವಾಸನೆ ಮೂಗಿಗೆ ಬಡಿದ ಮೇಲೆಯೇ ಮಲ್ಲಿಕಾ ಒಲೆ ಆರಿಸಿದಳು. ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹತ್ತಿ ನಿಂತಳು. ಅಲ್ಲಿಂದ ಪಕ್ಕದ ಮನೆಯ ಕೌಸರಳ ಹಿತ್ತಲು ಅಂಗೈಯಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು.

ಕರಿ ಚಷ್ಮಾ ಹಾಕಿಕೊಂಡು, ತಲೆಯ ಮೇಲೆ ಸೆರಗು ಹೊದ್ದು ಅತ್ತೆ ಮಣೆಯ ಮೇಲೆ ಕೂತಿದ್ದಳು. ಬಗ್ಗಬಾರದೆಂದು ಡಾಕ್ಟರು ಹೇಳಿದ್ದರಿಂದ ಕೌಸರಳೇ ಒಂದೊಂದು ಗಿಡ ಕಿತ್ತು ಅವಳ ಕೈಗಿಡುತ್ತಿದ್ದಳು, ದವಾಖಾನೆಯಲ್ಲಿ ಕೂಸುಗಳನ್ನು ತೋರಿಸುವ ತಾಯಂದಿರ ಹಾಗೆ.

"ನೀರು ಯಾವಾಗ ಹಾಕ್ತಿ?"

"ಯಾವಾಗ ನೆನಪಾಗ್ತದ ಆವಾಗ, ಅಮ್ಮಾ."

"ಊಟಾನೂ ನೆನಪಾದಾಗ ಮಾಡ್ತಿ ಏನು?"

"ಊಟದ್ದು ಹೊಟ್ಟಿನೇ ನೆನಪು ಮಾಡ್ತದ್ರಿ. ಈ ಪಾಲಕಿಗಿ ಎಲ್ಲದ ಬಾಯಿ?"

"ಬಾಯಿಲ್ಲಂತನೇ ಎಲಿ ತೋರಸ್ತದ. ನೋಡಿಲ್ಲಿ, ಕೆಳಗಿನ ಎಲಿ ಹಳದಿ, ಮ್ಯಾಲಿನ ಕುಡಿ ಇನ್ನಾ ಹಸರ. ಅಂದ್ರ ಮಣ್ಣಾಗ ಕಸುವಿಲ್ಲ. ಹಳೀ ಎಲಿದು ಕಿತ್ತು ಹೊಸಾ ಎಲಿಗಿ ಕೊಟ್ಟು ಜೀವಾ ಹಿಡದದ ಪಾಪ. ಏನು ಹಾಕೀದಿ ಇದಕ್ಕ?"

"ಇವರು ನಂದೂರ ದಾಲ್ ಮಿಲ್ಲಿಂದ ತಂದ ತೊಗರಿ ಹೊಟ್ಟು, ಅಮ್ಮಾ. ಮಿಲ್ಲಿನಾಗ ಗುಡಿಸಿ ಒಗೀತಾರಲ್ಲ, ಅದು. ಮುಫತ್ ಸಿಕ್ತದಂತ ಎರಡು ಚೀಲ ಮಣ್ಣಾಗ ಕಲಸೀನಿ." ಕೌಸರಳ ಗಂಡ ತನ್ವೀರ್ ಗೂಡ್ಸ್ ಆಟೋ ಓಡಿಸುತ್ತಿದ್ದ, ದಾಲ್ ಮಿಲ್ಲುಗಳ ಕಸವೆಲ್ಲ ಆ ಹಿತ್ತಲಿಗೇ ಬಂದು ಬೀಳುತ್ತಿತ್ತು.

"ಹಸೀ ಹೊಟ್ಟು ಕಲಸ್ತಾರೇನ ಹುಚ್ಚಿ? ಅದು ಕೊಳೀಬೇಕು. ಕೊಳ್ಯಾಕ ಅದಕ್ಕೂ ಉಣ್ಣಾಕ ಬೇಕಲ್ಲ? ಪಾಲಕಿನ ತಾಟಿಗೇ ಕೈ ಹಾಕ್ತದ. ತೆಗದು ಹಾಕು ಎಲ್ಲಾ. ತಿಪ್ಪಿಗಿ ಹಾಕು, ಬರೋ ವರ್ಷಕ್ಕ ಬಂಗಾರ ಆಗ್ತದ. ಈಗ ಸಗಣಿ ನೀರು ತೆಳ್ಳಗ ಮಾಡಿ ಬುಡಕ್ಕ ಹಾಕು."

ಕೌಸರ್ ಒಂದು ಮೂಲಂಗಿ ಕಿತ್ತು ಮೇಲೆತ್ತಿದಳು. ಮೊಳದುದ್ದ ಸೊಪ್ಪು, ಅದರ ಕೆಳಗೆ ದಾರದಂಥ ಬೇರು.

"ಇದು ಮೂಲಂಗಿನೋ ಇಲಿ ಬಾಲಾನೋ?" ಎಂದಳು ಶಿವಕಾಂತಮ್ಮ. ಮತ್ತೆ ಇಬ್ಬರೂ ನಕ್ಕರು. "ಒಂದರ ಮ್ಯಾಲೊಂದು ಬಿತ್ತೀದಿ. ಕಾಲು ಚಾಚಾಕ ಜಾಗಾ ಬ್ಯಾಡ? ನಡು ನಡು ಕಿತ್ತು ಪಲ್ಯ ಮಾಡು, ಉಳಿದದ್ದು ದಪ್ಪ ಆಗ್ತಾವ."

ಮಲ್ಲಿಕಾ ಕಲ್ಲಿನಿಂದ ಇಳಿದಳು. ಅವಳ ಎದುರಿಗೇ ಅವಳ ಮಡಿಗಳಿದ್ದವು. ಪಾಲಕ್ ಆನೆಯ ಕಿವಿಯಂತೆ ಅಗಲವಾಗಿ ಬಿಚ್ಚಿತ್ತು. ಮೆಂತೆ ಒತ್ತಾಗಿ, ಒಂದೇ ಎತ್ತರಕ್ಕೆ ಎದ್ದಿತ್ತು. ಮೂಲಂಗಿಗಳು ಮಣ್ಣು ಸೀಳಿ ಬಿಳಿ ಭುಜ ತೋರಿಸುತ್ತಿದ್ದವು. ಕೋಟನೂರಿನ ಕಡೆಯ ಈ ಕರಿ ಮಣ್ಣಿನಲ್ಲಿ ಗಡ್ಡೆ ಇಳಿಯುವುದಿಲ್ಲವೆಂದು ಎಲ್ಲರೂ ಹೇಳಿದ್ದರು. ಅವಳು ಹೊಳೆಯ ಮರಳು ತರಿಸಿ ಬೆರೆಸಿ, ಮಡಿಗಳನ್ನು ಎತ್ತರಿಸಿ, ಹೆಂಟೆಗಳನ್ನು ಕೈಯಿಂದಲೇ ಪುಡಿಮಾಡಿ ಬೆಳೆಸಿದ್ದಳು. ಇದೆಲ್ಲ ಯಾರಿಗಾಗಿ ಎಂದು ಗಂಡ ವಿವೇಕಾನಂದನಿಗೂ ಹೇಳಿರಲಿಲ್ಲ. ಅತ್ತೆ ಬರುತ್ತಾಳೆ, ಕಣ್ಣು ತೆರೆಯುತ್ತಾಳೆ, ತೆರೆದ ಕಣ್ಣಿಗೆ ಮೊದಲು ಈ ಹಸಿರು ಕಾಣಬೇಕು: ಅಷ್ಟೇ ಅವಳ ಕನಸು.

ತಾಯಿಯಿಲ್ಲದ ಮಲ್ಲಿಕಾಳನ್ನು ಬೆಳೆಸಿದ್ದು ಚಿತ್ತಾಪುರದ ಆಯಿ, ತಾಯಿಯ ತಾಯಿ. ತುತ್ತಿಗೊಂದು ಕಥೆ, ಜಡೆಯ ಎಳೆಗೊಂದು ಕಥೆ. ಮದುವೆಯ ಹಿಂದಿನ ವರ್ಷ ಆಯಿ ತೀರಿಕೊಂಡಳು. ಆಮೇಲೆ ಕಮಲಾಪುರದಿಂದ ಬಂದ ಸಂಬಂಧದಲ್ಲಿ ಗಂಡಿಗಿಂತ ಮೊದಲು ಮಲ್ಲಿಕಾ ನೋಡಿದ್ದು ಗಂಡಿನ ತಾಯಿಯನ್ನು. ತಲೆಯಿಡಬಹುದಾದಂಥ ಆ ಅಗಲ ಮಡಿಲನ್ನು. ಆದರೆ ಆ ಮಡಿಲು ಹಿರಿಯ ಸೊಸೆ ಜಯದೇವಿಯ ಪಾಲಿಗಿತ್ತು. ಜಯದೇವಿ ಕಮಲಾಪುರದಲ್ಲೇ ಇದ್ದವಳು. ಆಪರೇಷನ್ನು ಕಲಬುರಗಿಯಲ್ಲಿ ಎಂದಾದಾಗ, ಈಗ ನನ್ನ ಪಾಳಿ ಎಂದುಕೊಂಡಿದ್ದಳು ಮಲ್ಲಿಕಾ.

ಪಟ್ಟಿ ಬಿಚ್ಚಿದ ಮರುದಿನ ಅವಳೇ ಕೈಹಿಡಿದು ಅತ್ತೆಯನ್ನು ಹಿತ್ತಲ ಬಾಗಿಲಿಗೆ ಕರೆತಂದಿದ್ದಳು. ಶಿವಕಾಂತಮ್ಮ ಕರಿ ಚಷ್ಮಾದೊಳಗಿಂದ ಒಂದು ಗಳಿಗೆ ನೋಡಿದ್ದಳು. "ಹಾಂ. ಬೆಳದಾವ," ಎಂದು ಸೆರಗನ್ನು ಹಣೆಯ ಕೆಳಗೆ ಎಳೆದುಕೊಂಡು ಒಳಗೆ ತಿರುಗಿದ್ದಳು. ಅದಾದ ಮೇಲೆ ಬಿಸಿಲು ಕಾಯಲು ಹಿತ್ತಲಲ್ಲಿ ಕೂತರೂ ಮಡಿಗಳ ಕಡೆಗೆ ಬೆನ್ನು. ಬೇಕೆಂದೇ ಬೆನ್ನು. ಮೂಲಂಗಿ ಹೆಚ್ಚಿ ಕೋಸಂಬರಿ ಮಾಡಿ ಬಡಿಸಿದರೆ ಸುಮ್ಮನೆ ಉಂಡು ಏಳುತ್ತಿದ್ದಳು. ಹಿತ್ತಲದ್ದೋ ಬಜಾರದ್ದೋ ಎಂದೂ ಕೇಳುತ್ತಿರಲಿಲ್ಲ. ಗೋಡೆಯಾಚೆಯ ರೋಗಿಷ್ಠ ಹಿತ್ತಲೊಂದು ಕಣ್ಣಿಗೆ ಬಿದ್ದದ್ದೇ ತಡ, ದಿನಾ ಮಧ್ಯಾಹ್ನ ಅಲ್ಲಿಯೇ ಠಿಕಾಣಿ.

ಆ ದಿನ ಕೌಸರ್ ಗೋಡೆಯ ಮೇಲಿಂದ ಓಢಣಿಯ ತುದಿಯ ಗಂಟು ಬಿಚ್ಚಿ ತೋರಿಸಿದಳು. ಬೂದಿ ಬೆರೆಸಿದ ಬೀಜಗಳು. "ನೋಡ್ರಿ ಮಲ್ಲಿಕಾಕ್ಕಾ, ಅಮ್ಮಾ ಕೊಟ್ಟಾರ. ಕಮಲಾಪುರದ ಮೆಂತೆಯಂತ. ತಗೋ ಮಗಳಾ ಅಂತ ಉಡ್ಯಾಗ ಹಾಕಿದ್ರು."

"ಚೊಲೋ ಆತು," ಎಂದಳು ಮಲ್ಲಿಕಾ. ಮಗಳಾ. ಆ ಮಾತನ್ನು ಅವಳು ಇಡೀ ಸಂಜೆ ಹಲ್ಲಿಗೆ ಸಿಕ್ಕಿದ ನಾರಿನ ಹಾಗೆ ನಾಲಗೆಯಿಂದ ತಡಕಾಡಿದಳು. ಈ ಮನೆಗೆ ಕಾಲಿಟ್ಟಾಗಿನಿಂದ ತಾನು ಬರೀ ಮಲ್ಲಿಕಾ. ಬೀಜದ ಗಂಟು ಅತ್ತೆಯ ಟ್ರಂಕಿನಲ್ಲಿತ್ತು, ಆ ಟ್ರಂಕು ತನ್ನ ಮನೆಯಲ್ಲಿತ್ತು, ಬೀಜ ಮಾತ್ರ ಗೋಡೆ ದಾಟಿ ಹೋಗಿತ್ತು.

ಆಯಿ ಒಂದು ಕಥೆ ಹೇಳುತ್ತಿದ್ದಳು. ಒಬ್ಬ ರಾಜನಿಗೆ ಏಳು ಮಂದಿ ಹೆಣ್ಣುಮಕ್ಕಳು. ಆರು ಮಂದಿಗೆ ಒಂದಿಲ್ಲೊಂದು ಜಡ್ಡು, ಏಳನೆಯವಳು ಗಟ್ಟಿಮುಟ್ಟು. ರಾಜ ದಿನಾ ಆರು ಕೋಣೆಗಳಿಗೆ ಹೋಗಿ ಆರು ಹಣೆ ಮುಟ್ಟಿ ನೋಡಿ, ಏಳನೆಯ ಬಾಗಿಲ ಮುಂದಿನಿಂದ ಹಾಗೇ ಹಾದುಹೋಗುತ್ತಿದ್ದ. ಒಂದು ದಿನ ಏಳನೆಯವಳು ಬಿಸಿ ಬೂದಿಯನ್ನು ಬಟ್ಟೆಯಲ್ಲಿ ಕಟ್ಟಿ ಹಣೆಯ ಮೇಲಿಟ್ಟುಕೊಂಡು ಮಲಗಿಬಿಟ್ಟಳು. ಮುಂದೇನಾಯಿತೆಂಬುದನ್ನು ಆಯಿ ಒಂದೊಂದು ಸಲ ಒಂದೊಂದು ಥರ ಹೇಳುತ್ತಿದ್ದಳು. ಕೆಲವು ಸಲ ಅಷ್ಟಕ್ಕೇ ನಿದ್ದೆ ಹೋಗುತ್ತಿದ್ದಳು.

ಕೌಸರ್ ಮಡಿಯಿಂದ ಬಾಚಿ ತೆಗೆದ ಹೊಟ್ಟನ್ನು ಚೀಲಕ್ಕೆ ತುಂಬಿ ಗೋಡೆಯ ಮೂಲೆಗೆ ಒರಗಿಸಿದ್ದಳು. ಒಂದು ಮಧ್ಯಾಹ್ನ ಅವಳು ಊರೊಳಗಿನ ರೋಜಾ ಓಣಿಯ ತವರಿಗೆ ಹೋಗಿದ್ದಳು. ಅತ್ತೆ ಔಷಧ ಹಾಕಿಸಿಕೊಂಡು ಮಲಗಿದ್ದಳು. ಮಲ್ಲಿಕಾ ಗೋಡೆಯ ಮೇಲಿಂದ ಕೈಚಾಚಿ ಆ ಚೀಲ ಎಳೆದುಕೊಂಡಳು. ಖುರಪಿಯಿಂದ ಪಾಲಕ್ ಸಾಲುಗಳ ನಡುವೆ ಕೆದಕಿ, ಬೇರುಗಳ ಸಮೀಪಕ್ಕೆ ಹೊಟ್ಟು ತುರುಕಿ, ಮೇಲೆ ಮಣ್ಣು ಮುಚ್ಚಿ, ನೀರು ಬಿಟ್ಟಳು. ಬಳೆಗಳ ಸಂದಿಗೆಲ್ಲ ಹೊಟ್ಟು ಸೇರಿಕೊಂಡಿತು. ಗಿಡಗಳು ಏನೂ ತಿಳಿಯದೆ ನೀರು ಕುಡಿಯುತ್ತಿದ್ದವು. ಅವುಗಳ ಮುಖ ನೋಡಲಾಗದೆ ಅವಳು ಕತ್ತೆತ್ತಿದಳು. ನುಗ್ಗೆ ಗಿಡದ ಟೊಂಗೆಗೆ ಯಾವುದೋ ಹರಿದ ರಬ್ಬರ್ ಚಪ್ಪಲಿ ನೇತಾಡುತ್ತಿತ್ತು. ಕೌಸರಳ ಮಕ್ಕಳ ಆಟ. ಅವರ ಮನೆಯ ಹರಕು ಚಪ್ಪಲಿಗೂ ನನ್ನ ಹಿತ್ತಲೇ ಬೇಕೇನು ಎಂದು ಸಿಟ್ಟಿನಿಂದ ಕಿತ್ತು, ಕಂಪೌಂಡಿನಾಚೆಯ ಜಾಲಿಕಂಟಿಗೆ ಎಸೆದಳು.

ಪಾಲಕ್ ಬೇಗ ಸೋಲಲಿಲ್ಲ. ಮಲ್ಲಿಕಾ ದಿನಾ ಬೆಳಿಗ್ಗೆ ಎದ್ದವಳೇ ಎಲೆಗಳನ್ನು ಮಗುಚಿ ನೋಡುತ್ತಿದ್ದಳು. ಹಸಿರೇ. ಅತ್ತೆ ದಿನಾ ಗೋಡೆಯಾಚೆ ಹೋಗುತ್ತಿದ್ದಳು. ಕೌಸರಳ ಮೆಂತೆಯಲ್ಲಿ ತೂತು ಬಿದ್ದಿವೆಯೆಂದು, ನಸುಕಿನ ಇಬ್ಬನಿ ಆರುವ ಮೊದಲೇ ಬೂದಿ ಉದುರಿಸಬೇಕೆಂದು, ಎಲೆಯ ಹಿಂದೆ ಅಂಟಿದ ಹುಳದ ಮೊಟ್ಟೆ ಉಜ್ಜಬೇಕೆಂದು ಮಾತು ಕೇಳಿಬರುತ್ತಿತ್ತು. ಚಹಾದ ಕಪ್ಪು-ಬಸಿಗಳ ಸದ್ದು ಕೇಳಿಬರುತ್ತಿತ್ತು. ಮನೆಗೆ ಬಂದರೆ ಅತ್ತೆ ಒಂದು ಲೋಟ ನೀರು ಕೇಳಿ ಕುಡಿದು ಮಂಚದ ಮೇಲೆ ಕೂತುಬಿಡುವಳು. ಇನ್ನೊಂದು ಸಲ ಕಣ್ಣು ತೋರಿಸಿದರೆ ಮುಗಿಯಿತು, ಆಮೇಲೆ ಕಮಲಾಪುರ. ಅಷ್ಟರೊಳಗೆ ಹಳದಿಯಾಗು, ಹಳದಿಯಾಗು ಎಂದು ಮಲ್ಲಿಕಾ ಪಾಲಕಿನ ಬುಡದಲ್ಲಿ ಕೂತು ಬೇಡಿಕೊಳ್ಳುತ್ತಿದ್ದಳು. ಹಿಂದೆ ಇದೇ ಬುಡದಲ್ಲಿ ಕೂತು ಅವಳು ಗಿಡಗಳಿಗೆ ಆಯಿಯ ಕಥೆ ಹೇಳುತ್ತಿದ್ದಳು.

ಕೊನೆಗೆ ಆಯಿತು. ಕೆಳಗಿನ ಎಲೆ ಮೊದಲು. ಅಂಚಿನಿಂದಲ್ಲ, ಮೈಯೆಲ್ಲ ಒಮ್ಮೆಗೇ ಮಂಕಾಗಿ, ಹಳೆಯ ಕಾಗದದ ಬಣ್ಣಕ್ಕೆ ತಿರುಗಿ ನೆಲಕ್ಕೆ ಒರಗಿತು. ಎರಡೇ ದಿನದಲ್ಲಿ ಇಡೀ ಮಡಿ ಅದೇ ಬಣ್ಣಕ್ಕಿಳಿಯಿತು. ಮಲ್ಲಿಕಾ ಒಳಗೆ ಹೋಗಿ ಮಣೆ ತಂದು ಮಡಿಯ ಪಕ್ಕ ಹಾಕಿ, ಮೇಲೆ ಮಡಚಿದ ಚಾದರ ಹಾಸಿದಳು.

"ಅತ್ತೀ, ಸ್ವಲ್ಪ ಬರ್ರಿ. ನಮ್ಮ ಪಾಲಕಿಗಿ ಏನೋ ಆಗ್ಯಾದ."

ಶಿವಕಾಂತಮ್ಮ ಬಾಗಿಲಿನವರೆಗೆ ಬಂದಳು. ಹೊಸ್ತಿಲು ದಾಟಲಿಲ್ಲ. ಚೌಕಟ್ಟು ಹಿಡಿದು ನಿಂತವಳ ಬಾಯಿ ಸ್ವಲ್ಪ ತೆರೆದುಕೊಂಡಿತು.

"ಕೂಡ್ರಿ. ಮಣಿ ಹಾಕೀನಿ," ಎಂದಳು ಮಲ್ಲಿಕಾ.

"ಇಲ್ಲಿ ನುಗ್ಗಿ ಗಿಡಕ್ಕ ಚಪ್ಪಲಿ ಕಟ್ಟಿದ್ದೆ. ಎಲ್ಲಿ ಹೋತು?"

"ಅದು... ಹುಡುಗೂರದು ಅಂತ..."

"ಒಗದೀ?" ಶಿವಕಾಂತಮ್ಮ ಕಣ್ಣು ಮುಚ್ಚಿದಳು. "ಚಪ್ಪಲೀನೂ ಇಲ್ಲಂದ್ರ ಇನ್ಯಾವುದು ತಡೀತದ. ನಂದೇ ನದರ, ಮಲ್ಲಿಕಾ. ನನ್ನ ಕಣ್ಣೇ ತಾಗ್ಯಾದ."

"ನಿಮ್ಮ ಕಣ್ಣು ಯಾಕ ತಾಗ್ತದ್ರಿ?"

"ಹೊಸಾ ಕಣ್ಣು. ಪದರ ತೆಗದ ಕಣ್ಣು ಕೂಸಿನ ಕಣ್ಣಿದ್ದಂಗ, ಏನು ನೋಡಿದ್ರೂ ಆಸಿ. ಚಂದ ಬೆಳದದ್ದರ ಕಡಿ ಕಣ್ಣಿಟ್ಟು ನೋಡಬಾರದು ಅಂತ ನಮ್ಮತ್ತಿ ಹೊಡದು ಹೊಡದು ಕಲಿಸ್ಯಾಳ. ನಾ ನೋಡೇ ಇದ್ದಿಲ್ಲ. ಆಚಿ ಮನಿದು ಮೊದಲೇ ಕೆಟ್ಟದ್ದು, ಅದಕ್ಕ ಏನೂ ಆಗಂಗಿಲ್ಲಂತ ಅಲ್ಲೇ ಹೋಗಿ ಕೂಡ್ತಿದ್ದೆ. ಒಂದಿನ ನಸುಕಿನ್ಯಾಗ ನೀ ಇನ್ನಾ ಎದ್ದಿದ್ದಿಲ್ಲ..." ಅವಳು ನಿಲ್ಲಿಸಿ, ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. "ಚಷ್ಮಾ ತೆಗದು ನೋಡಿದೆ. ಎಷ್ಟು ಹಸರ. ನಿಂತು ನೋಡಿದೆ, ಹೊತ್ತು ಮೂಡೋತನಕ. ಅದಕ್ಕೇ ನನ್ನ ಕಾಲಾನ ಒಂದು ಚಪ್ಪಲಿ ಕಟ್ಟಿದೆ, ನದರ ತಡೀಲಿ ಅಂತ."

ನೋಡಿದ್ದಳು. ಮಲ್ಲಿಕಾಳ ಮೈಯಲ್ಲಿ ಏನೋ ಒಂದು ಅಲೆ ಎದ್ದು, ಎದ್ದಲ್ಲೇ ಮುರಿಯಿತು. ಹೇಳಬೇಕು, ಈಗಲೇ ಹೇಳಬೇಕು. ಕೈ ಮಣ್ಣಿಗಿಳಿದರೆ ಸಾಕು, ಹೊಟ್ಟು ಸಿಗುತ್ತದೆ. ಆದರೆ ಆ ಕೈಯನ್ನು ಅವಳು ಸೆರಗಿನೊಳಗೆ ಅಡಗಿಸಿಕೊಂಡು ನಿಂತಳು.

ಶಿವಕಾಂತಮ್ಮ ಆ ಸಂಜೆಯೇ ಟ್ರಂಕು ತುಂಬಿದಳು. ಮಗ ಎಷ್ಟು ಹೇಳಿದರೂ ಕೇಳಲಿಲ್ಲ. ಮರುದಿನ ಬಾಗಿಲಲ್ಲಿ ಮಲ್ಲಿಕಾ, "ಇನ್ನಾ ಕಣ್ಣಿಗಿ ಔಷಧ ಹಾಕೋದು ಅದ ಅಲ್ರಿ," ಎಂದಳು.

"ಜಯದೇವಿ ಹಾಕ್ತಾಳ," ಎಂದಳು ಅತ್ತೆ. ಒಂದು ಕಾಲಿಗೆ ರಬ್ಬರ್ ಚಪ್ಪಲಿ, ಇನ್ನೊಂದು ಕಾಲಿಗೆ ಮಗನ ಬಾತ್‌ರೂಮಿನ ಚಪ್ಪಲಿ ಹಾಕಿಕೊಂಡು ಆಟೋ ಹತ್ತಿದಳು. ತಿರುಗಿ ನೋಡಲಿಲ್ಲ. ಈಗ ಮಲ್ಲಿಕಾಳಿಗೆ ಗೊತ್ತಿತ್ತು, ಯಾಕೆ ನೋಡಲಿಲ್ಲವೆಂದು.

ಮಧ್ಯಾಹ್ನ ಗೋಡೆಯ ಮೇಲೆ ಕೌಸರಳ ತಲೆ ಕಾಣಿಸಿತು. "ಅಮ್ಮಾ ಹೇಳದೇ ಕೇಳದೇ ಹೋದ್ರಲ್ಲ? ನಂದು ಮೂಲಂಗಿ ಈಗ ದಪ್ಪ ಆಗ್ಲಾಕತ್ತಾವ, ತೋರಸಬೇಕಿತ್ತು." ಆಮೇಲೆ ಮಲ್ಲಿಕಾಳ ಮಡಿ ನೋಡಿದಳು. ಅವಳ ಕಣ್ಣು ಗೋಡೆಯ ಮೂಲೆಗೆ ಹೋಗಿ ಬಂತು. "ನಂದೊಂದು ಹೊಟ್ಟಿನ ಚೀಲ ಕಾಣವಲ್ದು. ಬೇಕಿದ್ರ ಕೇಳಬೇಕಿಲ್ಲೇನ್ರಿ ಅಕ್ಕಾ? ಆದ್ರ ಅಮ್ಮಾ ನಿಮಗ ಹೇಳಿಲ್ಲೇನು, ಹಸೀದು ಹಾಕಬಾರದಂತ?"

"ಹೇಳ್ಯಾರ," ಎಂದಳು ಮಲ್ಲಿಕಾ. "ನಿನಗ ಹೇಳುವಾಗ ಕೇಳೀನಿ."

ಕೌಸರ್ ಅವಳ ಮುಖವನ್ನೇ ನೋಡಿದಳು. "ಒಂದು ಮಾತು ಹೇಳ್ಲಾ? ನಮ್ಮ ಪಾಲಕಿನ ಮುಂದ ಕೂತು ಅಮ್ಮಾ ನಿಮ್ಮ ಪಾಲಕಿಂದೇ ಮಾತಾಡ್ತಿದ್ರು. ನಮ್ಮ ಮಲ್ಲಿಕಾ ಮಡಿ ಹಿಂಗ ಎತ್ತರಿಸ್ಯಾಳ, ನಮ್ಮ ಮಲ್ಲಿಕಾ ಮರಳು ಹಿಂಗ ಬೆರಸ್ಯಾಳ. ಕೇಳಿ ಕೇಳಿ ನನಗ ಸಾಕಾಗಿತ್ತು. ಅಲ್ಲಾ ಕಸಮ್, ನಿಮ್ಮ ಮೂಲಂಗಿಗಿ ಹುಳಾ ಬೀಳ್ಲಿ ಅಂತ ಒಂದಿನ ಅಂದಿದ್ದೆ ಮನಸಿನಾಗ." ಹೇಳಿ ನಕ್ಕಳು. ಮಲ್ಲಿಕಾಳಿಗೆ ನಗಲಾಗಲಿಲ್ಲ.

ಅವಳು ಖುರಪಿ ತಂದು ಪಾಲಕಿನ ಬುಡ ಅಗೆದಳು. ಮಣ್ಣಿನೊಂದಿಗೆ ಹೊಟ್ಟು ಎದ್ದು ಬಂತು, ಇನ್ನೂ ಬಂಗಾರದ ಬಣ್ಣ, ಸ್ವಲ್ಪವೂ ಕೊಳೆತಿರಲಿಲ್ಲ. ಹಿಡಿ ಹಿಡಿ ತುಂಬಿ ಬಟ್ಟೆಯಲ್ಲಿ ಗಂಟು ಕಟ್ಟಿದಳು. ಜಾಲಿಕಂಟಿಯಲ್ಲಿ ಕೈ ಗೀರಿಸಿಕೊಂಡು ಚಪ್ಪಲಿ ಹುಡುಕಿದಳು. ಎರಡನ್ನೂ ಚೀಲಕ್ಕೆ ಹಾಕಿ, ಮುಖ ತೊಳೆಯದೆಯೇ ಬಸ್ ಸ್ಟ್ಯಾಂಡಿಗೆ ಹೊರಟಳು.

ಮಹಾಗಾಂವ ಕ್ರಾಸ್ ದಾಟಿ ಬಸ್ಸು ಮುಂದೆ ಹೋದಂತೆ ಕಿಟಕಿಯಾಚೆಯ ಕರಿ ನೆಲ ನಿಧಾನಕ್ಕೆ ಕೆಂಪಾಯಿತು. ಚೀಲ ಮಡಿಲಲ್ಲಿತ್ತು. ಪಕ್ಕದಲ್ಲಿ ಕೂತ ಹೆಂಗಸು, "ಏನ್ ಒಯ್ಲಾಕತ್ತೀರಿ ಬಾಯಾರ, ಮಣ್ಣಿನ ವಾಸನಿ ಬರ್ತದ," ಎಂದಳು. "ಅತ್ತೀಗಿ," ಎಂದಷ್ಟೇ ಹೇಳಿದಳು ಮಲ್ಲಿಕಾ.

ಕಮಲಾಪುರದ ಮನೆಯ ಅಂಗಳದಲ್ಲಿ ಜಯದೇವಿ ತೊಗರಿ ಕಾಯಿ ಸುಲಿಯುತ್ತಿದ್ದಳು. ಹಿಂದೆ ಕೆಂಪು ಬಾಳೆಯ ಗಿಡಗಳು ಗೋಡೆಯ ಮೇಲಿಂದ ಇಣುಕುತ್ತಿದ್ದವು.

"ಬಾ ಮಲ್ಲಿಕಾ. ಅತ್ತೀಗಿ ಏನು ಮಾಡಿ ಕಳಿಸೀದಿ ಹೇಳು? ಬಂದಾಗಿಂದ ಗ್ವಾಡಿ ಕಡಿ ಮಾರಿ ಮಾಡಿ ಕೂತಾರ. ಬಾಳಿ ಗೊನಿ ಬಿಟ್ಟದ, ನೋಡಬರ್ರಿ ಅಂದ್ರ ಹೂಂ ಅನ್ನವಲ್ರು, ಹಾಂ ಅನ್ನವಲ್ರು. ಒಂದು ಕಾಲಿಗಿ ಒಂದು ಚಪ್ಪಲಿ ಬ್ಯಾರೆ."

ಶಿವಕಾಂತಮ್ಮ ಪಡಸಾಲೆಯ ಕಂಬಕ್ಕೆ ಒರಗಿ, ನೆರಳಿನಲ್ಲಿಯೂ ಕರಿ ಚಷ್ಮಾ ತೆಗೆಯದೆ ಕೂತಿದ್ದಳು. ಮಲ್ಲಿಕಾ ಅವಳ ಮುಂದೆ ಕೂತು ಮೊದಲು ಚಪ್ಪಲಿ ತೆಗೆದಿಟ್ಟಳು. ಆಮೇಲೆ ಗಂಟು ಬಿಚ್ಚಿ ಮಣ್ಣು ಸುರಿದಳು.

ಅತ್ತೆಯ ಬೆರಳು ಮಣ್ಣಿನಲ್ಲಿ ಆಡಿತು. ಒಂದು ಚಿಟಿಕೆ ಎತ್ತಿ ಮೂಸಿದಳು.

"ಹೊಟ್ಟು."

"ಹೌದ್ರಿ."

"ಹಸೀದು. ಮೊನ್ನಿ ಮೊನ್ನಿ ಹಾಕಿದ್ದು. ಆಚಿ ಮನಿಯಾಕಿ ಹಾಕಿದ್ಲೇನು?"

"ಇಲ್ರಿ. ನಾನೇ."

"ಗೊತ್ತಿಲ್ದೇ?"

ಅಂಗಳದಲ್ಲಿ ತೊಗರಿ ಕಾಯಿ ಸುಲಿಯುವ ಸದ್ದು ನಿಂತಿತು.

"ಗೊತ್ತಿದ್ದೇ," ಎಂದಳು ಮಲ್ಲಿಕಾ.

ಶಿವಕಾಂತಮ್ಮ ಮಣ್ಣಿನೊಳಗೆ ಸಿಕ್ಕ ಹಳದಿ ಎಲೆಯೊಂದನ್ನು ತೆಗೆದು, ತೊಡೆಯ ಮೇಲೆ ಹರವಿ, ಹೆಬ್ಬೆರಳಿನಿಂದ ಅದರ ನರ ಸವರಿದಳು. ಕೌಸರಳ ಹಿತ್ತಲಲ್ಲಿ ಸವರುತ್ತಿದ್ದ ಹಾಗೆಯೇ.

"ಅತ್ತೀ, ಔಷಧದ ಹೊತ್ತಾತು. ಕೈ ತೊಳಕೊಂಡು ಬರ್ತೀನಿ ತಡೀರಿ," ಎಂದಳು ಅಂಗಳದಿಂದ ಜಯದೇವಿ.

"ನೀ ಕೂಡು. ಇಕಿ ಹಾಕ್ತಾಳ."

ಮಲ್ಲಿಕಾ ಬಚ್ಚಲಿಗೆ ಹೋಗಿ ಕೈಗಳನ್ನು ಉಜ್ಜಿ ಉಜ್ಜಿ ತೊಳೆದಳು. ಬಂದು ಔಷಧದ ಸಣ್ಣ ಬಾಟಲಿ ಎತ್ತಿಕೊಂಡಾಗ ಅತ್ತೆ ಅವಳ ಮಣಿಕಟ್ಟು ಹಿಡಿದು ನಿಲ್ಲಿಸಿದಳು. ಹಸಿರು ಬಳೆಗಳ ಸಂದಿಯಲ್ಲಿ ಹೊಟ್ಟಿನ ಚೂರುಗಳು ಇನ್ನೂ ಅಂಟಿದ್ದವು. "ಕಣ್ಣಾಗ ಬೀಳ್ತಾವ," ಎಂದು ಒಂದೊಂದನ್ನೇ ಉಗುರಿನಿಂದ ಹೆಕ್ಕಿ ತೆಗೆದು ನೆಲಕ್ಕೆ ಹಾಕಿದಳು. ಆಮೇಲೆ ಚಷ್ಮಾ ತೆಗೆದು ಮಡಿಲಲ್ಲಿಟ್ಟುಕೊಂಡು, ತಲೆಯನ್ನು ಕಂಬಕ್ಕೆ ಆನಿಸಿ ಮುಖ ಮೇಲೆತ್ತಿದಳು.

ಮಲ್ಲಿಕಾ ಬಾಗಿದಳು. ಬಾಟಲಿಯ ತುದಿಯಲ್ಲಿ ಹನಿಯೊಂದು ಕೂಡಿಕೊಂಡು, ದಪ್ಪವಾಗುತ್ತ, ಬೀಳದೆ ನಿಂತಿತು. ಅದರ ಕೆಳಗೆ ಆ ಹೊಸ ಕಣ್ಣು ಅಗಲವಾಗಿ ತೆರೆದು, ಮಿಟುಕದೆ, ಅವಳ ಮುಖವನ್ನೇ ನೋಡುತ್ತಿತ್ತು.